ಏಳನೆಯ ಜೈಲು

ಫ್ರೀಮ್ಯಾಂಟಲ್‌ನಲ್ಲಿ ಜೈಲು ಎಂದರೆ
ಟಿಕೆಟ್ಟು ಕೊಂಡು ನೋಡುವ ಜಾಗ.
ಸುಣ್ಣಕಲ್ಲಿನ ಗೋಡೆ, ಗಲ್ಲಿನ ಕೋಣೆ,
ಹೊರಬಂದರೆ ಐಸ್‌ಕ್ರೀಮು.

ನನ್ನ ಜೈಲುಗಳು ಬೇರೆ.
ಬಂದರು ಕಚೇರಿಯ ಹಿಂದೆ,
ಒಂದು ಕಾಲಕ್ಕೆ ಉಣ್ಣೆಮೂಟೆ ಒಟ್ಟುತ್ತಿದ್ದ ಕೋಣೆಯಲ್ಲಿ
ಒಂದೇ ಯಂತ್ರ; ಅದರ ಹೊಟ್ಟೆಯಲ್ಲಿ ಒಂಬತ್ತು.
ಒಂದೊಂದಕ್ಕೂ ತನ್ನದೇ ವಿಳಾಸ, ತನ್ನದೇ ಉಗ್ರಾಣ,
ತನ್ನದೇ ಒಬ್ಬ ಯಜಮಾನ.
ಒಳಗಿರುವ ತನಕ ಅವನೇ ಊರಗೌಡ.
ಗೋಡೆಯ ಆಚೆ ಇನ್ನೊಬ್ಬ ಗೌಡ
ಮೀಸೆ ತಿರುವುತ್ತಿದ್ದಾನೆಂದು
ಅವನಿಗೆ ಗೊತ್ತೇ ಆಗುವುದಿಲ್ಲ.

ಮಾವಿನ ಭರಣಿಗೆ ಅದ್ದಿದ ಚಮಚ
ನಿಂಬೆಯ ಭರಣಿಗೆ ಹೋಗಕೂಡದು.
ಹೋದರೆ ಬೂಷ್ಟು. ಇಷ್ಟೇ ಶಾಸ್ತ್ರ.
ಹಿಂದೆ ಎಲ್ಲವೂ ಒಂದೇ ಭರಣಿಯಲ್ಲಿದ್ದಾಗ
ಟಪಾಲಿಗೆಂದು ಹಾಕಿದ ಹೊಸ ಲೈಬ್ರರಿ
ಸಂಬಳದ ಲೆಕ್ಕಕ್ಕೆ ತಗುಲಿ
ಒಂದು ಶುಕ್ರವಾರ ಕ್ರೇನಿನವರಿಗೆಲ್ಲ
ಎರಡೆರಡು ಸಂಬಳ.
ಸೋಮವಾರ ಯಾರೂ ದೂರು ಕೊಡಲಿಲ್ಲ.

ಮಂಗಳವಾರ ರಾತ್ರಿ ನನ್ನ ಗಸ್ತು.
ಮೊದಲು ಪ್ರತಿಯೊಂದರ ಪಡಿಯಚ್ಚು ತೆಗೆದಿಟ್ಟು
ಹೊರಗೆ ನಿಂತೇ ಕೂಗುತ್ತೇನೆ:
ಹಳತು ಯಾವುದು, ತೂತು ಯಾವುದು, ಪಟ್ಟಿ ಕೊಡು.
ಮೂರನೆಯದಕ್ಕೆ ಬೇಕಿದ್ದದ್ದು ಒಂದು ಪುಟಾಣಿ ಪ್ಯಾಕೇಜು,
ತಾರೀಖನ್ನು ತಿರುಗಿಸಿ ಬರೆಯುವಂಥದ್ದು, ಅಷ್ಟೇ.
ಒಂಟಿಯಾಗಿ ಬರುವ ಪೈಕಿಯಲ್ಲ ಅದು.
ದಿಬ್ಬಣ ಸಮೇತ ಹದಿನೇಳು ಮಂದಿ,
ಅವರಲ್ಲೊಬ್ಬ ಚಿತ್ರ ಬಿಡಿಸುವ ಸರಂಜಾಮನ್ನೆಲ್ಲ
ತಲೆಯ ಮೇಲೆ ಹೊತ್ತಿದ್ದಾನೆ.
ಮೂಗಿಗಿಂತ ಮೂಗುತಿ ಭಾರ.
ಮುಂದುವರಿಯಲೇ? ಎನ್ನುತ್ತದೆ ಪರದೆ.
ಹೂಂ ಎಂದೆ, ಒಂದಕ್ಷರದಲ್ಲಿ.

ಏಳನೆಯದರ ಬಾಗಿಲಲ್ಲಿ ಕೈ ತಡೆಯಿತು.
ಅದು ಡೆಸ್ಮಂಡ್ ಕೀಲಿ ಬಿಟ್ಟುಹೋದದ್ದು.
(ನಿನ್ನ ಮನೆತನದ ಹೆಸರಿಗೆ ನಮ್ಮಲ್ಲಿ ಹೀಗೆ ಅರ್ಥ ಎಂದಾಗ
ಕೆಮ್ಮು ಬರುವಷ್ಟು ನಕ್ಕಿದ್ದ;
ನಿವೃತ್ತಿಯ ದಿನ ಗೊಂಚಲನ್ನು ನನ್ನ ಮೇಜಿಗೆ ಎಸೆದು
ತಗೋ, ನನ್ನನ್ನೇ ಕೊಟ್ಟೆ, ಎಂದ.)
ಒಳಗೆ ಹನ್ನೊಂದು ವರ್ಷದ ಪರ್ಲ್,
ಮಾಡಿದವರೇ ಮರೆತ ಮೂರು ಲೈಬ್ರರಿ,
ಮುಟ್ಟಬೇಡಿ ಎಂದು ಒಂದೇ ಸಾಲಿನ ಟಿಪ್ಪಣಿ.
ಯಾಕೆ ಎಂದಿಲ್ಲ.
ಯಾರೂ ಒಳಬಂದ ಹೆಜ್ಜೆಗುರುತಿಲ್ಲ.
ಹೊಸತು ಹಾಕಿದರೆ ಮುರಿಯುತ್ತದೆ,
ಹಳತು ಬಿಟ್ಟರೆ ಕನ್ನ.
ನಿಲ್ಲಿಸಿಬಿಟ್ಟೆ. ಒಂದು ಸಾಲು, ಒಂದು ಎಂಟರ್.
ಫ್ಯಾನಿನ ಸದ್ದು ಕೂಡ ಬದಲಾಗಲಿಲ್ಲ.

ಬೆಳಗ್ಗೆ ಐದಕ್ಕೆ ಫೋನು.
ನುನ್ಸಿಯಾ ಬೆರ್ತೊಲಿನಿ, ಸೌತ್ ಟೆರೇಸಿನ ಹಿಂದಿನ ಓಣಿ.
ನನ್ನ ಕಾಗದ ಬಂದಿಲ್ಲ.
ಯಾವ ಕಾಗದ?
ಉಬ್ಬರದ ಹೊತ್ತು. ಫ್ಯಾಕ್ಸು. ಡೆಸ್ ಕಳಿಸೋದು.
(ಹಾಳೆಯ ಅಡಿಯಲ್ಲಿ ಅವನ ಮೇಜಿನ ನಂಬರು,
ಈಗ ಅದು ನನ್ನದು.)
ಈ ಊರ ಕಡಲು ಏರಿದರೂ
ಮೊಣಕಾಲು ಮುಟ್ಟಿದರೆ ಹೆಚ್ಚು.
ದೋಣಿ ಇದೆಯೇ ನಿಮಗೆ?
ಮಾರಿ ಇಪ್ಪತ್ತು ವರ್ಷವಾಯಿತು.
ಮತ್ತೆ?
ಮತ್ತೆ ಬೆಕ್ಕಿನ ಮೀನನ್ನು
ಯಾವುದರಲ್ಲಿ ಸುತ್ತಿಡಲಿ, ಮಗಳೇ?

ಕೋಟು ಹಾಕಿಕೊಂಡು ಹೋದೆ.
ಏಳನೆಯದನ್ನು ಎಬ್ಬಿಸಿದೆ;
ಏನೂ ಆಗದವರಂತೆ ಎದ್ದು ಕೂತಿತು.
ಹೊರಗಿನ ಕಿಟಕಿಗಳನ್ನೆಲ್ಲ ಮುಚ್ಚಿ,
ಫೋನಿನ ತಂತಿಗೆ ಮಾತ್ರ ಕಿಂಡಿ ಬಿಟ್ಟು,
ಒಂದೊಂದೇ ಪ್ಯಾಕೇಜಿಗೆ ಬೀಗ ಜಡಿದೆ:
ಇನ್ನು ಯಾವ ಮಂಗಳವಾರಕ್ಕೂ
ನಿಮ್ಮ ತಂಟೆಯಿಲ್ಲ.
ಅವನ ಟಿಪ್ಪಣಿಯ ಕೆಳಗೆ
ಒಂದು ಪದ ಸೇರಿಸಿದೆ: ಬೆಕ್ಕು.

ಮುಂದಿನ ತಿಂಗಳು ಪರ್ತ್‌ನಿಂದ ಪರಿಶೋಧಕ ಬರುತ್ತಾನೆ.
ಎಂಟು ಸರಿ, ಏಳನೆಯದು ಯಾಕಿನ್ನೂ ಹೀಗೆ,
ಯಾರು ಇದರ ಬಳಕೆದಾರ, ಹೆಸರು ಬರೆಯಿರಿ, ಎನ್ನುತ್ತಾನೆ.

ಬೆಕ್ಕಿನ ಹೆಸರು ಕೇಳಲಿಲ್ಲ ನಾನು.